ಬಿಬಿಸಿ ರೇಡಿಯೊ 4

ಬ್ರಿಟನ್ನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಬಿಬಿಸಿ ನಡೆಸುವ, ಮಾತನ್ನೇ ಬಂಡವಾಳವಾಗಿಸಿಕೊಂಡ ರಾಷ್ಟ್ರೀಯ ಬಾನುಲಿ ವಾಹಿನಿ. ‘ಹೋಮ್ ಸರ್ವಿಸ್’ ಎಂಬ ಹಳೆಯ ವಾಹಿನಿಯ ಜಾಗದಲ್ಲಿ 1967ರ ಸೆಪ್ಟೆಂಬರ್ 30ರಂದು ಆರಂಭವಾಯಿತು. ಇಲ್ಲಿ ಸಂಗೀತ ಅಪರೂಪದ ಅತಿಥಿ. ಸುದ್ದಿ, ಸಂದರ್ಶನ, ನಾಟಕ, ಹಾಸ್ಯ, ವಿಜ್ಞಾನ, ಪುಸ್ತಕ ವಾಚನಗಳೇ ಮನೆಯವರು.

ವಾರದ ದಿನಗಳಲ್ಲಿ ನಸುಕಿಗೇ ರೈತರಿಗಾಗಿ ‘ಫಾರ್ಮಿಂಗ್ ಟುಡೇ’. ಬೆಳಿಗ್ಗೆ 6ರಿಂದ 9ರವರೆಗೆ ‘ಟುಡೇ’: 1957ರಲ್ಲಿ ಹುಟ್ಟಿದ ಈ ಕಾರ್ಯಕ್ರಮದಲ್ಲಿ ಮಂತ್ರಿಗಳು ನಿರೂಪಕರ ಪಟ್ಟುಬಿಡದ ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಆಮೇಲೆ ಬರುವ ‘ವುಮನ್ಸ್ ಅವರ್’ 1946ರಷ್ಟು ಹಳೆಯದು. 1973ರಲ್ಲಿ ಈ ವಾಹಿನಿಗೆ ಬಂತು. ಮಧ್ಯಾಹ್ನ 1ಕ್ಕೆ ಸುದ್ದಿ ವಿಶ್ಲೇಷಣೆ, ಊಟದ ನಂತರ ಬಾನುಲಿ ನಾಟಕ, ಸಂಜೆ 6ಕ್ಕೆ ವಾರ್ತೆ, ಅದರ ಬೆನ್ನಿಗೇ ಅರ್ಧ ಗಂಟೆ ನಗೆ.

ಸಂಜೆ 7ರ ಹೊತ್ತಿಗೆ ಬರುವ ‘ದಿ ಆರ್ಚರ್ಸ್’ ಆ್ಯಂಬ್ರಿಜ್ ಎಂಬ ಕಾಲ್ಪನಿಕ ಹಳ್ಳಿಯ ಕಥೆ. ಯುದ್ಧಾನಂತರದ ಆಹಾರ ಕೊರತೆಯ ದಿನಗಳಲ್ಲಿ, ಇಳುವರಿ ಹೆಚ್ಚಿಸುವ ವಿಧಾನಗಳನ್ನು ರೈತರಿಗೆ ಕಥೆಯ ಮೂಲಕ ತಲುಪಿಸುವುದು ಇದರ ಮೂಲ ಉದ್ದೇಶವಾಗಿತ್ತು. 1951ರ ಜನವರಿ 1ರಿಂದ ದೇಶವ್ಯಾಪಿಯಾಗಿ ಪ್ರಸಾರವಾಗುತ್ತಿದೆ.

ರಾತ್ರಿ ಕಂತು ಕಂತಾಗಿ ಪುಸ್ತಕ ವಾಚನ. ನಡುರಾತ್ರಿಯ ವಾರ್ತೆಯ ಬಳಿಕ ‘ಶಿಪ್ಪಿಂಗ್ ಫೋರ್‌ಕಾಸ್ಟ್’. ಬ್ರಿಟನ್ ಸುತ್ತಲಿನ 31 ಸಮುದ್ರ ವಲಯಗಳ ಗಾಳಿ, ಅಲೆ, ಗೋಚರತೆಯನ್ನು ನಾವಿಕರಿಗೆ ತಿಳಿಸುವ ಈ ಮುನ್ಸೂಚನೆಗೆ ನೆಲದ ಮೇಲೂ ಅಸಂಖ್ಯ ಕೇಳುಗರಿದ್ದಾರೆ. ಅಲ್ಲಿಂದ ನಸುಕಿನವರೆಗೆ ಬಿಬಿಸಿ ವರ್ಲ್ಡ್ ಸರ್ವಿಸ್ ಪ್ರಸಾರ ಮುಂದುವರಿಯುತ್ತದೆ.

ವಾರದ ಕಾರ್ಯಕ್ರಮಗಳಲ್ಲಿ ಪ್ರಸಿದ್ಧವಾದುದು ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’. ನಿರ್ಜನ ದ್ವೀಪಕ್ಕೆ ಒಯ್ಯುವ 8 ಧ್ವನಿಮುದ್ರಿಕೆಗಳನ್ನು ಅತಿಥಿ ಆರಿಸಿ, ಅವುಗಳ ನೆಪದಲ್ಲಿ ಬದುಕಿನ ಕಥೆ ಹೇಳುತ್ತಾರೆ. ರಾಯ್ ಪ್ಲಮ್ಲಿ ರೂಪಿಸಿದ ಇದು 1942ರಲ್ಲಿ ಆರಂಭವಾಯಿತು.