ರಾಗಿಯ ಮಾನ



ಅರಸರ, ಕೋಟೆಗಳ, ಕಾಳಗಗಳ ಚರಿತ್ರೆಯನ್ನು ನಾವೆಲ್ಲರೂ ಓದಿರುವೆವು. ಆ ಅರಸರ ದಂಡೂ ಕೋಟೆಗೆ ಕಲ್ಲು ಹೊತ್ತ ಜನರೂ ಏನನ್ನುಂಡು ಬಾಳಿದರೆಂದು ಕೇಳುವವರು ವಿರಳ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಮೊದಲ ಉತ್ತರ ರಾಗಿ. ಅದರ ಚರಿತ್ರೆ ಪಟ್ಟಣಿಗರಾದ ನಮಗೆ ಹೇಳುವುದೇನೆಂಬುದೇ ಈ ಭಾಷಣದ ವಿಷಯ.

1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಮೈಸೂರು ಸೀಮೆಯಲ್ಲಿ ಸಂಚರಿಸಿ ಬೇಸಾಯದ ವಿವರಗಳನ್ನು ಬರೆದಿಟ್ಟನು. ಅವನ ಗ್ರಂಥವು 1807ರಲ್ಲಿ ಅಚ್ಚಾಯಿತು. ಮಾಗಡಿ, ರಾಮಗಿರಿ, ಚನ್ನಪಟ್ಟಣಗಳು ಅವನ ಹಾದಿಯಲ್ಲಿದ್ದುವು. ಕೂರಿಗೆಯಿಂದ ರಾಗಿಯನ್ನು ಬಿತ್ತಿ ನಡುನಡುವೆ ಅವರೆ, ತೊಗರಿಗಳ ಸಾಲು ಹಾಕುವ ಕ್ರಮವನ್ನು ಅವನು ವರ್ಣಿಸಿದ್ದಾನೆ. ನಮ್ಮ ರೈತರು ಇದನ್ನು ಅಕ್ಕಡಿ ಸಾಲು ಎನ್ನುವರು. ಅವರೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಉಳಿಯಬಹುದು. ಹೊಲದಲ್ಲಿ ಜೊತೆಗೂಡಿದ್ದುವು ಉಣ್ಣುವ ಎಲೆಯಲ್ಲಿಯೂ ಮುದ್ದೆ, ಅವರೆಕಾಳಿನ ಸಾರು ಎಂದು ಜೊತೆಗೂಡಿದುವು.

ಹುಳು ಹಿಡಿಯದ ರಾಗಿಯನ್ನು ಹಗೇವುಗಳಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಅದೇ ರೈತನ ಬ್ಯಾಂಕು. ಆದರೆ ಹಗೇವು ಬರಿದಾದಲ್ಲಿ ಧಾನ್ಯದ ಗುಣವೇನು ಮಾಡೀತು? 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರಿನ ಜನಸಂಖ್ಯೆಯು, 1876-78ರ ಘೋರ ಕ್ಷಾಮವನ್ನು ದಾಟಿ 1881ಕ್ಕೆ ಬರುವಷ್ಟರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಕೂಡಿಟ್ಟ ಕಾಳಿನ ಬೆಲೆಯನ್ನು ಇದಕ್ಕಿಂತ ಕಠೋರವಾಗಿ ಹೇಳುವ ಅಂಕಿ ಬೇರೆ ಬೇಕಿಲ್ಲ.

ಇಷ್ಟಿದ್ದರೂ ರಾಗಿಗೆ ಮಾನ ಕಡಿಮೆ. ಈ ಕೊರಗು ಹೊಸದಲ್ಲ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಆರು ತಿಂಗಳ ಸೆರೆಯಲ್ಲಿ ಎರಡನ್ನೂ ಪರೀಕ್ಷಿಸಿ, ಕೆಡದೆ ಉಳಿದ ರಾಗಿಗೇ ಶ್ರೀರಾಮನಿಂದ ಮನ್ನಣೆ ಕೊಡಿಸಿದರು. ಕಾವ್ಯದಲ್ಲಿ ಗೆದ್ದ ಧಾನ್ಯವು ಪಟ್ಟಣದ ಪಂಕ್ತಿಯಲ್ಲಿ ಸೋತಿತು. ಅಕ್ಕಿಯನ್ನವು ಅಂತಸ್ತಿನ ಗುರುತಾಯಿತು. ಮುದ್ದೆಯು ದುಡಿಯುವವರ ಊಟವೆನಿಸಿತು.

ಈ ತೀರ್ಪಿಗೆ ಶಾಸ್ತ್ರದ ಬೆಂಬಲವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶವು 340 ಮಿಲಿಗ್ರಾಮಿಗೂ ಹೆಚ್ಚು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಕಾಳು ಅತಿ ಸಣ್ಣದಾದುದರಿಂದ ರಾಗಿಯನ್ನು ತೌಡುಸಹಿತ ಬೀಸುವುದೇ ವಾಡಿಕೆ. ಆದುದರಿಂದ ನಾರು ನಷ್ಟವಾಗದು. ಭತ್ತಕ್ಕೆ ಗದ್ದೆ ತುಂಬ ನೀರು ಬೇಕು. ರಾಗಿಗೆ ಮುಂಗಾರಿನ ಹದಮಳೆ ಸಾಕು. ಇಳುವರಿ ಅಲ್ಪವೆಂಬ ದೂರಿಗೂ ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಉತ್ತರವಿತ್ತರು. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಅವರು ಪಡೆದ 'ಇಂಡಾಫ್' ತಳಿಗಳು ರೈತನ ಕಣವನ್ನು ಹಿಗ್ಗಿಸಿದುವು. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು.

ಹೊಲ ಸಿದ್ಧವಿದೆ, ತಳಿ ಸಿದ್ಧವಿದೆ. ಉಣ್ಣುವವರ ಮನಸ್ಸು ಸಿದ್ಧವಾಗಬೇಕಾಗಿದೆ. ಬೆಂಗಳೂರು ಬೆಳೆದಂತೆಲ್ಲ ಈ ಸೀಮೆಯ ಹೊಲಗಳು ನಿವೇಶನಗಳಾಗುತ್ತಿವೆ. ಕೊಳ್ಳುವವರಿಲ್ಲದ ಬೆಳೆಗಾಗಿ ಯಾವ ರೈತನು ಹೊಲವನ್ನು ಉಳಿಸಿಕೊಂಡಾನು? ಅನ್ನವನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ದಿನಕ್ಕೊಂದು ಹೊತ್ತು ಮುದ್ದೆಯೋ ರೊಟ್ಟಿಯೋ ಅಂಬಲಿಯೋ ಇರಲಿ; ಚಳಿಗಾಲದಲ್ಲಿ ಮಾಗಡಿಯ ಅವರೆ ಅದರ ಜೊತೆಗಿರಲಿ. ನೆಂಟರು ಬಂದ ದಿನವೂ ರಾಗಿಯನ್ನು ಅಡುಗೆಮನೆಯಲ್ಲಿ ಬಚ್ಚಿಡದೆ ಪಂಕ್ತಿಗೆ ತನ್ನಿರಿ. ಅದರ ಮಾನ ಅಲ್ಲಿಂದ ಮರಳಬೇಕು.