ಪಲ್ಪರ್ ಮನೆಯ ಇಂಜಿನು

ಚಿಕ್ಕಮಗಳೂರಿನಿಂದ ಹೊರಟು, ಕೈಮರವನ್ನು ದಾಟಿ, ಒಂದು ಮಗ್ಗುಲಿಗೆ ಬಂಡೆಯನ್ನೂ ಇನ್ನೊಂದು ಮಗ್ಗುಲಿಗೆ ಕಣಿವೆಯನ್ನೂ ಇರಿಸಿಕೊಂಡು ಸುತ್ತಿ ಸುತ್ತಿ ಏರುವ ದಾರಿಯಲ್ಲಿ ಗೊಬ್ಬರದ ಮೂಟೆಗಳನ್ನು ಹೊತ್ತ ಲಾರಿಯೊಂದು ಅತ್ತಿಗುಂಡಿಯ ಕಡೆಗೆ ತೆವಳುತ್ತಿರುವುದನ್ನು ಕಂಡವರು, ಅದರ ಚಾಲಕನ ಕಣ್ಣು ರಸ್ತೆಯ ಮೇಲಿದ್ದರೂ ಕಿವಿ ಮಾತ್ರ ಇಂಜಿನಿನ ಮೇಲೆಯೇ ಇರುವುದನ್ನು ಗಮನಿಸಿರಬಹುದು. ಪೇಟೆಯ ಸಮನೆಲದಲ್ಲಿ ತನ್ನ ರೋಗವನ್ನು ಮುಚ್ಚಿಟ್ಟುಕೊಂಡಿದ್ದ ಇಂಜಿನು ಈ ಏರಿನಲ್ಲಿ ಮುಚ್ಚಿಡಲಾರದು. "ಲೋಡು ಎಳೆಯುವುದಿಲ್ಲ" ಎಂಬ ದೂರು ಈ ಸೀಮೆಯಲ್ಲಿ ಲಾರಿಗೂ ಜೀಪಿಗೂ ಕಾಫಿ ತೋಟದ ಪಲ್ಪರ್ ಮನೆಯ ಇಂಜಿನಿಗೂ ಸಮಾನವಾದುದು. ಆ ದೂರಿಗೆ ಒಂದು ಚರಿತ್ರೆಯೂ ಉಂಟು.

ಚಂದ್ರದ್ರೋಣವೆಂದು ಹೆಸರಾದ ಕುದುರೆ ಲಾಳದ ಆಕಾರದ ಈ ಪರ್ವತಶ್ರೇಣಿಗೆ ಬಾಬಾ ಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಮೋಖಾದಿಂದ ಏಳು ಕಾಫಿ ಬೀಜಗಳನ್ನು ತಂದರೆಂಬ ಐತಿಹ್ಯವನ್ನು ಅರಿಯದ ಕನ್ನಡಿಗರಿಲ್ಲ. ಬಹುಕಾಲ ಹಿತ್ತಿಲ ಗಿಡವಾಗಿಯೇ ಇದ್ದ ಕಾಫಿ, 1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲ ಬೆಳೆಗಾರನು ಈ ಬೆಟ್ಟಸಾಲಿನ ದಕ್ಷಿಣಕ್ಕೆ ತೋಟವನ್ನು ಹಾಕಿದಂದಿನಿಂದ ವಾಣಿಜ್ಯದ ಬೆಳೆಯಾಯಿತು. ಬೀಜವು ಹೇಗೆ ಬಂದಿತೆಂಬುದನ್ನು ನಾವು ಹಾಡಿ ಹೊಗಳಿದ್ದೇವೆ. ಹಣ್ಣಿನ ಸಿಪ್ಪೆಯನ್ನು ಸುಲಿಯುವ ಬಲವು ಎಲ್ಲಿಂದ ಬಂದಿತೆಂದು ಕೇಳಿದವರು ಕಡಿಮೆ. ಆದರೆ ತೋಟದವನ ನಿದ್ದೆಗೆಡಿಸಿದುದು ಈ ಎರಡನೆಯ ಪ್ರಶ್ನೆಯೇ.

ಏಕೆಂದರೆ ಅರೇಬಿಕಾ ಹಣ್ಣು ಕಾಯುವುದಿಲ್ಲ. ಬೆಳಗಿನಿಂದ ಕೊಯ್ದು ಸಂಜೆಗೆ ಅಳೆದು ಸುರಿದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಿ ಸಿಪ್ಪೆಯನ್ನು ಬೇರ್ಪಡಿಸಿ, ಲೋಳೆ ಬಿಡುವುದಕ್ಕಾಗಿ ತೊಟ್ಟಿಗೆ ಇಳಿಸದಿದ್ದರೆ, ರಾಶಿಯೊಳಗೇ ಅದು ಬಿಸಿಯೇರಿ ಹುಳಿತು, ಮುಂದೆ ಎಷ್ಟು ತೊಳೆದರೂ ಹೋಗದ ದುರ್ಗಂಧವನ್ನು ಬೀಜಕ್ಕೆ ಅಂಟಿಸಿಬಿಡುತ್ತದೆ. ಸ್ಕಾಟ್ಲೆಂಡಿನ ಅಬರ್‌ಡೀನಿನಲ್ಲಿ ಮೆಕಿನ್ನನ್ ಕಂಪನಿಯವರು ಎರಕ ಹೊಯ್ದ ಪಲ್ಪರುಗಳು ಲೋಕದ ಕಾಫಿ ಸೀಮೆಗಳಿಗೆಲ್ಲ ಹೋದವು. ಆದರೆ ಅವುಗಳನ್ನು ತಿರುಗಿಸುವ ಬಲವು ಆಯಾ ನೆಲದಲ್ಲಿಯೇ ಹುಟ್ಟಬೇಕಾಗಿತ್ತು. ಚಿಕ್ಕ ತೋಟಗಳಲ್ಲಿ ಆಳುಗಳ ತೋಳೇ ಆ ಬಲ. ಹಳ್ಳವು ಹತ್ತಿರವಿದ್ದ ದೊಡ್ಡ ತೋಟಗಳಲ್ಲಿ ನೀರಿನ ಚಕ್ರ. ನೀರು ಪುಕ್ಕಟೆಯಾದುದು ನಿಜ. ಆದರೆ ಮಳೆಗಾಲದಲ್ಲಿ ಬಂಡೆಗಳನ್ನೇ ಉರುಳಿಸುವ ಬೆಟ್ಟದ ತೊರೆಯು, ಸುಗ್ಗಿಯು ಭರದಲ್ಲಿರುವ ಡಿಸೆಂಬರ್ ಜನವರಿಗಳಲ್ಲಿ, ಅಂದರೆ ಹೊರೆಯು ಅತ್ಯಧಿಕವಾದ ಹೊತ್ತಿನಲ್ಲಿಯೇ, ಸೊರಗಿ ಎಳೆಯಾಗಿ ಹರಿಯುತ್ತದೆ. ಹೊರೆ ಬಿದ್ದಾಗ ಬಲ ಕುಂದುವ ವ್ಯಾಧಿಯನ್ನು ಈ ಬೆಟ್ಟಗಳು ಇಂಜಿನಿಗಿಂತ ಮೊದಲೇ, ನೀರಿನಲ್ಲಿಯೇ ಕಂಡಿದ್ದುವು.

ಎಣ್ಣೆಯ ಇಂಜಿನು ಈ ಕೊರತೆಯನ್ನು ನೀಗಲು ಬಂದ ಅತಿಥಿ. ಇಂಗ್ಲೆಂಡಿನ ಅಕ್ರಾಯ್ಡ್ ಸ್ಟುವರ್ಟನು 1890ರಲ್ಲಿ ಸ್ವಾಮ್ಯಪತ್ರ ಪಡೆದ ಕ್ರಮದಲ್ಲಿ ಹಾರ್ನ್ಸ್‌ಬಿ ಕಂಪನಿಯವರು ಕಟ್ಟಿದ ಇಂಜಿನುಗಳಿಗೆ ಮೊದಲು ದೀಪದ ಜ್ವಾಲೆಯಿಂದ ತಲೆ ಕಾಯಿಸಬೇಕಾಗಿತ್ತು. ರುಡಾಲ್ಫ್ ಡೀಸೆಲನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಪರೀಕ್ಷೆಗೊಡ್ಡಿದ ಯಂತ್ರವು ಆ ತೊಡಕನ್ನು ತೊಡೆದು, ಗಾಳಿಯನ್ನು ಅದುಮಿದುದರಿಂದ ಹುಟ್ಟುವ ಶಾಖದಿಂದಲೇ ಎಣ್ಣೆಯನ್ನು ಉರಿಸಿತು. 1930ರ ಆಸುಪಾಸಿನಲ್ಲಿ ಬಂದ ಲಿಸ್ಟರ್ ಇಂಜಿನು, ಒಂದೇ ಸಿಲಿಂಡರಿನದು, ನಿಮಿಷಕ್ಕೆ 600 ಸುತ್ತಿನಲ್ಲಿ 5 ಅಶ್ವಶಕ್ತಿಯನ್ನು ಕೊಡತಕ್ಕದ್ದು, ತೋಟ ಗದ್ದೆಗಳವರ ನಚ್ಚಿನ ಯಂತ್ರವಾಯಿತು. ಅದರ ಪ್ರತಿರೂಪಗಳು ಮುಂದೆ ರಾಜಕೋಟೆಯ ಕಾರ್ಖಾನೆಗಳಿಂದ ಲೆಕ್ಕವಿಲ್ಲದಷ್ಟು ಹೊರಬಂದುವು. ಸಾತಾರೆಯ ಕೂಪರ್ ಕಾರ್ಖಾನೆಯವರು 1933ರಲ್ಲಿಯೇ ನಮ್ಮ ದೇಶದಲ್ಲಿ ಡೀಸೆಲ್ ಇಂಜಿನನ್ನು ಕಟ್ಟಿದ್ದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಸ್ಥಾಪಿತವಾಯಿತು. ಮುನ್ನೂರು ಕಿಲೋಗ್ರಾಮಿಗೂ ಮಿಗಿಲಾದ ಇಂಥ ಕಬ್ಬಿಣದ ಮುದ್ದೆಯನ್ನು ಬೆಟ್ಟಕ್ಕೆ ಏರಿಸಿ ಕಾಂಕ್ರೀಟಿನ ದಿಮ್ಮಿಯ ಮೇಲೆ ಬಿಗಿದ ಮೇಲೆ, ಸುಗ್ಗಿಯ ಸಂಜೆಗಳಲ್ಲಿ ಅದರ ಡುಗುಡುಗು ಸದ್ದೇ ತೋಟದ ಗಡಿಯಾರವಾಯಿತು.

ಈಗ ವ್ಯಾಧಿಯ ವಿಚಾರ. ಬೆಲ್ಟನ್ನು ಕಳಚಿಟ್ಟಾಗ ಇಂಜಿನು ಹಾಲು ಕುಡಿದ ಮಗುವಿನಂತೆ ಸುಖವಾಗಿ ಓಡುತ್ತದೆ. ಬೆಲ್ಟು ಏರಿಸಿ ಪಲ್ಪರಿನ ಬಾಯಿಗೆ ಹಣ್ಣು ಸುರಿದೊಡನೆ ಏದುಸಿರು ಬಿಟ್ಟು ಬಸವಳಿಯುತ್ತದೆ. ಹೊರೆ ಹೆಚ್ಚಿದಾಗ ವೇಗ ಇಳಿಯದಂತೆ ಹೆಚ್ಚಿನ ಎಣ್ಣೆಯನ್ನು ಬಿಡತಕ್ಕ ಅಧಿಕಾರಿ ಗವರ್ನರು. ಆದರೆ ಭಂಡಾರದಲ್ಲಿ ಇಲ್ಲದುದನ್ನು ಅವನೆಲ್ಲಿಂದ ಕೊಟ್ಟಾನು? ಅನುಭವಿಯಾದ ಮೇಸ್ತ್ರಿಯು ಸ್ಪ್ಯಾನರನ್ನು ಮುಟ್ಟುವ ಮೊದಲು ಹೊರಗೆ ಬಂದು ಹೊಗೆಯನ್ನು ನೋಡುತ್ತಾನೆ. ಕಪ್ಪು ಹೊಗೆಯಾದರೆ ಎಣ್ಣೆಗೆ ತಕ್ಕ ಗಾಳಿಯಿಲ್ಲ, ಇಲ್ಲವೆ ಹೊರೆಯೇ ಮಿತಿಮೀರಿದೆ; ಏರ್ ಫಿಲ್ಟರಿಗೆ ಧೂಳು ತುಂಬಿರಬಹುದು, ಪಲ್ಪರಿನ ತಟ್ಟೆಯನ್ನು ಅತಿಯಾಗಿ ಬಿಗಿದಿರಬಹುದು. ನೀಲಿಯಾದರೆ ಉಂಗುರಗಳು ಸವೆದು ಕೀಲೆಣ್ಣೆ ಉರಿಯುತ್ತಿದೆ. ಬಿಳಿಯಾದರೆ ಎಣ್ಣೆ ಸರಿಯಾಗಿ ಉರಿಯದೆ ಹೊರಹೋಗುತ್ತಿದೆ. ಹೊಗೆಯೇ ಇಲ್ಲದೆ ಇಂಜಿನು ಸುಮ್ಮನೆ ಸೋತರೆ ಅದು ಹಸಿದಿದೆ, ಎಣ್ಣೆಯ ದಾರಿಯಲ್ಲಿ ಎಲ್ಲಿಯೋ ಅಡ್ಡಿ. ನಾಡಿ ಹಿಡಿಯುವ ಪಂಡಿತರಿಗಿಂತ ಈ ಮೇಸ್ತ್ರಿಗಳು ಕಡಿಮೆಯವರೆಂದು ನಾನು ಒಪ್ಪಲಾರೆ.

ಬೆಟ್ಟಕ್ಕೇ ವಿಶಿಷ್ಟವಾದ ಇನ್ನೊಂದು ಕಾರಣವಿದೆ. ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗಳ ಮೇಲೆ ಗಾಳಿಯ ಒತ್ತಡವು ಏಳರಲ್ಲಿ ಒಂದು ಪಾಲಿನಷ್ಟು ಕಡಿಮೆ. ಕರಾವಳಿಯಲ್ಲಿ ತುಂಬು ಐದು ಅಶ್ವಶಕ್ತಿಯನ್ನು ಕೊಡುವ ಇಂಜಿನು, ಯಾವ ದೋಷವೂ ಇಲ್ಲದೆ, ಇಲ್ಲಿ ನಾಲ್ಕೂಕಾಲಕ್ಕೆ ಇಳಿಯುತ್ತದೆ; ಫಲಕದ ಮೇಲಿನ ಅಂಕಿಯನ್ನು ನಂಬಿ ಪಲ್ಪರನ್ನೂ ನೀರಿನ ಪಂಪನ್ನೂ ಒಂದೇ ಬೆಲ್ಟಿನ ಸಾಲಿಗೆ ಕಟ್ಟಿದವನು ಇಂಜಿನನ್ನು ಬೈದು ಫಲವಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು ಮೈಸೂರು ಸಂಸ್ಥಾನದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡಾಗ ಈ ವ್ಯಾಧಿಯು ಸಾರ್ವಜನಿಕವಾಯಿತು. ಇದ್ದಿಲಿನ ಅನಿಲದಲ್ಲಿ ಉರಿಯದ ನೈಟ್ರೋಜನ್ನಿನ ಪಾಲೇ ಹೆಚ್ಚಾದುದರಿಂದ ಪೆಟ್ರೋಲಿನ ಬಲದಲ್ಲಿ ಮೂರನೆಯ ಒಂದು ಪಾಲಾದರೂ ಸೋರಿಹೋಗುತ್ತಿತ್ತು. ಏರು ಬಂದಿತೆಂದರೆ ಪ್ರಯಾಣಿಕರು ಟಿಕೇಟು ಕೊಂಡವರೆಂಬ ಅಭಿಮಾನವನ್ನು ಬಿಟ್ಟು, ಇಳಿದು, ಬಸ್ಸನ್ನು ತಳ್ಳಬೇಕಾಗುತ್ತಿತ್ತು.

ಚಾರ್ಮಾಡಿ ಘಾಟಿಯನ್ನಿಳಿದು ಕರಾವಳಿಗೆ ಹೋದರೆ, ಹಿಂದೆ ಎತ್ತಿನ ಗಾಡಿಗಳಲ್ಲಿ ಕಾಫಿಯು ಹದಗೊಳ್ಳಲು ಹೋಗುತ್ತಿದ್ದ ಮಂಗಳೂರಿನ ದಕ್ಕೆಯಲ್ಲಿಯೂ ಮಲ್ಪೆಯಲ್ಲಿಯೂ ಬೋಟಿನವರ ಬಾಯಲ್ಲಿ ಇದೇ ದೂರು. ಅವರ ಪಾಡು ಇನ್ನೂ ಕಠಿಣ. ಪಲ್ಪರಿನವನು ಬೆಲ್ಟು ಕಳಚಿ ಇಂಜಿನೊಂದನ್ನೇ ಬೇರೆಯಾಗಿ ಪರೀಕ್ಷಿಸಬಲ್ಲ. ನಡುಗಡಲಿನ ಬೋಟಿನವನು ಗೇರು ಬಿಡಿಸಿ ನಿಂತರೆ ಅಲೆಯು ಬೋಟನ್ನು ತನಗೆ ಬೇಕಾದತ್ತ ಒಯ್ಯುತ್ತದೆ. ನೀರಿನಡಿಯ ಫ್ಯಾನಿಗೆ ಬಲೆಯ ಹಗ್ಗ ಸುತ್ತಿದೆಯೋ, ಎಣ್ಣೆಗೆ ನೀರು ಬೆರೆತಿದೆಯೋ ಎಂಬುದನ್ನು ಅವನು ಓಲಾಡುತ್ತಲೇ ತಿಳಿಯಬೇಕು.

ಅತ್ತಿಗುಂಡಿಯ ಆಚೆಯ ತೋಟವೊಂದರಲ್ಲಿ ಒಂದು ಡಿಸೆಂಬರಿನ ರಾತ್ರಿ ನಾನು ಕಂಡುದನ್ನು ಹೇಳಿ ಮುಗಿಸುತ್ತೇನೆ. ವಿದ್ಯುತ್ತು ಬಂದು ಎಷ್ಟೋ ಕಾಲವಾಗಿದ್ದರೂ, ಅದು ಹೋದಾಗಲೆಲ್ಲ ಹಳೆಯ ಇಂಜಿನೇ ಗತಿಯಾಗಿದ್ದ ತೋಟವದು. ಹಣ್ಣಿನ ರಾಶಿ ಎದೆಯೆತ್ತರಕ್ಕೆ ಬಿದ್ದಿತ್ತು; ಇಂಜಿನು ಕಾಲು ಗಂಟೆ ಚೆನ್ನಾಗಿ ಎಳೆದು, ಹೊಗೆಯಿಲ್ಲದೆ ಸೋತು ನಿಲ್ಲುತ್ತಿತ್ತು. ಫಿಲ್ಟರು ಹೊಸದಾಯಿತು, ನಾಜಲನ್ನು ಬಿಚ್ಚಿ ತೊಳೆದದ್ದಾಯಿತು, ಬೆಲ್ಟಿಗೆ ರಾಳ ಹಚ್ಚಿದ್ದಾಯಿತು. ರೈಟರು ತಾಳ್ಮೆಗೆಟ್ಟು, "ಏನು ಮೇಸ್ತ್ರಿ, ಹಣ್ಣೆಲ್ಲ ಹುಳೀತಾ ಇದೆ, ಕೈ ಪಲ್ಪರಿಗೆ ಜನ ಕರೆಸಲಾ?" ಎಂದರು. ಮೇಸ್ತ್ರಿ ಉತ್ತರ ಕೊಡಲಿಲ್ಲ. ಎಣ್ಣೆ ಎಷ್ಟಿದೆಯೆಂದು ನೋಡಲು ಟ್ಯಾಂಕಿನ ಮುಚ್ಚಳವನ್ನು ತಿರುವಿದವನು, ಒಳಕ್ಕೆ ಗಾಳಿ ಸುಯ್ಯೆಂದು ನುಗ್ಗಿದ ಸದ್ದಿಗೆ ಕ್ಷಣಕಾಲ ಹಾಗೆಯೇ ನಿಂತು, ಮುಚ್ಚಳವನ್ನು ಲಾಂದ್ರದ ಬೆಳಕಿಗೆ ಹಿಡಿದು ಗಟ್ಟಿಯಾಗಿ ನಕ್ಕ. ಉಸಿರಾಡಲು ಬಿಟ್ಟಿದ್ದ ಸಾಸಿವೆಗಾತ್ರದ ರಂಧ್ರಕ್ಕೆ, ಇಂಜಿನು ಸುಮ್ಮನಿದ್ದ ತಿಂಗಳುಗಳಲ್ಲಿ, ಕುಂಬಾರ ಹುಳು ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಎಣ್ಣೆ ಇಳಿದಂತೆ ಒಳಗೆ ಗಾಳಿ ತುಂಬಲು ದಾರಿಯಿಲ್ಲದೆ, ಹೊರೆಗೆ ಬೇಕಾದಷ್ಟು ಎಣ್ಣೆ ಕೆಳಗಿಳಿಯುತ್ತಿರಲಿಲ್ಲ; ಮುಚ್ಚಳ ತೆರೆದಾಗಲೆಲ್ಲ ಕಾಲು ಗಂಟೆಯ ಆಯುಷ್ಯ ದೊರೆಯುತ್ತಿತ್ತು. ಬಿದಿರಿನ ಸೀಳಿನಿಂದ ರಂಧ್ರವನ್ನು ಬಿಡಿಸಿದ ಮೇಲೆ ಬೆಳಗಿನ ಜಾವ ಮೂರು ಗಂಟೆಗೆ ಕೊನೆಯ ಬುಟ್ಟಿಯ ಹಣ್ಣು ಪಲ್ಪರಿಗೆ ಬಿತ್ತು. ಆ ಬಿದಿರಿನ ಸೀಳನ್ನು ಮೇಸ್ತ್ರಿಯು ಪಲ್ಪರ್ ಮನೆಯ ತೊಲೆಗೆ ಸಿಕ್ಕಿಸಿಟ್ಟ. ಪ್ರತಿ ನವೆಂಬರಿನಲ್ಲಿಯೂ ಹ್ಯಾಂಡಲ್ ಹೊಡೆಯುವ ಮೊದಲು ಅದನ್ನೇ ತೆಗೆದುಕೊಳ್ಳುತ್ತಿದ್ದ.