ಕ್ಷಣಿಕ ಸೂಚನೆಗಳ ಮಾರ್ಪಾಡು: ಒಂದು ಚಾರಿತ್ರಿಕ ವಿವೇಚನೆ

ವೆಬ್ ಅಪ್ಲಿಕೇಷನ್ನಿನಲ್ಲಿ ಅರ್ಜಿಯೊಂದನ್ನು ಸಲ್ಲಿಸಿದೊಡನೆ ಪರದೆಯ ಮೂಲೆಯಲ್ಲಿ ಸಣ್ಣದೊಂದು ಸೂಚನೆ ಮೂಡಿ, ಕೆಲವು ಸೆಕೆಂಡುಗಳಲ್ಲಿ ತಾನಾಗಿಯೇ ಮರೆಯಾಗುವುದನ್ನು ನಾವೆಲ್ಲರೂ ಬಲ್ಲೆವು. ಇದಕ್ಕೆ 'ಟೋಸ್ಟ್' ಎಂದು ಹೆಸರು. ಇದರ ಸ್ಥಳ, ಬಣ್ಣ, ಅವಧಿಗಳನ್ನು ಮಾರ್ಪಡಿಸುವುದು ಕೇವಲ ತಾಂತ್ರಿಕ ವಿಷಯವೆಂದು ತೋರಬಹುದು. ಆದರೆ ಸೂಚನೆಯು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಕಳುಹಿಸುವವನದೋ ಓದುವವನದೋ ಎಂಬ ಪ್ರಶ್ನೆ ಇದರ ಚರಿತ್ರೆಯುದ್ದಕ್ಕೂ ಹರಿದುಬಂದಿದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ. ಇಂಥ ಸೂಚನೆಗಳು ತಮ್ಮ ಕುರುಹನ್ನು ಉಳಿಸಿ ಹೋಗುವುದಿಲ್ಲವಾದಕಾರಣ, ಚರಿತ್ರಕಾರನಿಗೆ ತಂತ್ರಾಂಶಗಳ ಕೈಪಿಡಿಗಳೇ ಇಲ್ಲಿ ಶಾಸನಗಳಾಗುತ್ತವೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯೂನಿಕ್ಸ್ ವ್ಯವಸ್ಥೆಯ ೧೯೭೧ರ ಮೊದಲ ಕೈಪಿಡಿಯಲ್ಲಿಯೇ ಈ ಪ್ರಶ್ನೆಯ ಮೂಲವನ್ನು ಕಾಣಬಹುದು. ಒಬ್ಬ ಬಳಕೆದಾರನು ಇನ್ನೊಬ್ಬನ ಟರ್ಮಿನಲ್ಲಿಗೆ ನೇರವಾಗಿ ಬರೆಯಲು 'ರೈಟ್' ಎಂಬ ಆಜ್ಞೆಯಿದ್ದಿತು. ಅಂಥ ಸಂದೇಶಗಳನ್ನು ತಡೆಯಲು 'ಮೆಸ್ಗ್' ಎಂಬ ಆಜ್ಞೆಯೂ ಜೊತೆಯಲ್ಲಿಯೇ ಇದ್ದಿತು. ೧೯೮೦ರಲ್ಲಿ ಬರ್ಕ್ಲಿಯ ಯೂನಿಕ್ಸಿಗೆ 'ಬಿಫ್' ಸೇರಿತು. ಅಲ್ಲಿನ ನಾಯಿಯೊಂದರ ಹೆಸರನ್ನು ಹೊತ್ತ ಈ ಪ್ರೋಗ್ರಾಮು ಹೊಸ ಅಂಚೆ ಬಂದುದನ್ನು ಟರ್ಮಿನಲ್ಲಿನಲ್ಲಿ ತಿಳಿಸುತ್ತಿದ್ದಿತು. 'ವೈ' ಅಥವಾ 'ಎನ್' ಎಂಬ ಒಂದೇ ಅಕ್ಷರದಿಂದ ಬಳಕೆದಾರನು ಅದನ್ನು ಬೇಕೆನ್ನಬಹುದಾಗಿತ್ತು, ಬೇಡವೆನ್ನಬಹುದಾಗಿತ್ತು. ಕೊನೆಯ ಮಾತು ಆಗ ಓದುವವನದಾಗಿತ್ತೆಂಬುದು ಸ್ಪಷ್ಟ.

ವೆಬ್ಬಿನಲ್ಲಿ ಈ ಸ್ಥಿತಿ ಬದಲಾಯಿತು. ೧೯೯೫ರಲ್ಲಿ ಪ್ರಕಟವಾದ ಜಾವಾಸ್ಕ್ರಿಪ್ಟಿನ 'ಅಲರ್ಟ್' ಪೆಟ್ಟಿಗೆಯು ಓದುವವನು ಗುಂಡಿಯೊತ್ತುವವರೆಗೂ ಪುಟವನ್ನು ತಡೆದು ನಿಲ್ಲಿಸುತ್ತಿದ್ದಿತು. ಅದು ಒರಟಾದ ಕ್ರಮ. ಆದರೂ ಓದುವುದಕ್ಕೆ ಮೊದಲೇ ಮರೆಯಾಗುತ್ತಿರಲಿಲ್ಲ. ೨೦೦೪ರಲ್ಲಿ ಹೊರಬಂದ ರೈಲ್ಸ್ ಚೌಕಟ್ಟಿನ 'ಫ್ಲ್ಯಾಷ್' ಸೂಚನೆಯು ಮುಂದಿನ ಪುಟದಲ್ಲೊಮ್ಮೆ ಕಾಣಿಸಿಕೊಂಡು, ಅನಂತರ ಅಳಿಯುವಂಥದು. ಬ್ರೆಡ್ಡು ಟೋಸ್ಟರಿನಿಂದ ಚಿಮ್ಮುವಂತೆ ಪರದೆಯ ಅಂಚಿನಿಂದ ಮೇಲೇಳುವ ಟೋಸ್ಟಿಗಾದರೋ ಗಡಿಯಾರವೇ ಒಡೆಯ. ಆ ಗಡಿಯಾರವನ್ನು ತಿರುಗಿಸುವವನು ಪ್ರೋಗ್ರಾಮರು. ಬೂಟ್‌ಸ್ಟ್ರ್ಯಾಪ್ ಚೌಕಟ್ಟಿನ ನಾಲ್ಕನೆಯ ಆವೃತ್ತಿಯಲ್ಲಿ ಟೋಸ್ಟಿನ ಪೂರ್ವನಿಶ್ಚಿತ ಅವಧಿ ೫೦೦ ಮಿಲಿಸೆಕೆಂಡು, ಎಂದರೆ ಅರ್ಧ ಸೆಕೆಂಡು. ೨೦೨೧ರ ಐದನೆಯ ಆವೃತ್ತಿಯಲ್ಲಿ ಅದು ೫೦೦೦ ಆಯಿತು. ಒಂದು ಸೊನ್ನೆಯ ಈ ವ್ಯತ್ಯಾಸವು ಓದಬಲ್ಲವನಿಗೂ ಓದಲಾಗದವನಿಗೂ ನಡುವಣ ವ್ಯತ್ಯಾಸವೆಂಬುದನ್ನು ನಾವು ಮರೆಯಲಾಗದು.

ಮಾರ್ಪಾಡಿನ ಸ್ವಾತಂತ್ರ್ಯ ದುರುಪಯೋಗಕ್ಕೂ ಎಡೆಗೊಡುತ್ತದೆ. ಇದಕ್ಕೆ ವೆಬ್ಬಿನಿಂದ ಹೊರಗೆ, ಆಂಡ್ರಾಯ್ಡ್ ದೂರವಾಣಿಗಳಲ್ಲಿ, ಸಾಕ್ಷ್ಯ ದೊರೆಯುತ್ತದೆ. ಅಲ್ಲಿನ ಟೋಸ್ಟಿಗೆ ಎರಡೇ ಅವಧಿಗಳು: ೨ ಸೆಕೆಂಡು ಮತ್ತು ೩.೫ ಸೆಕೆಂಡು. ಆದರೆ ಅದರ ಆಕಾರವನ್ನು ಮನಬಂದಂತೆ ರಚಿಸಬಹುದಾಗಿತ್ತು. ಬೇರೊಂದು ಕಿಟಕಿಯ ಮೇಲೆ ಮೋಸದ ಟೋಸ್ಟನ್ನು ಹೊದಿಸಿ, ಬಳಕೆದಾರನಿಂದ ತಪ್ಪು ಒಪ್ಪಿಗೆ ಪಡೆಯಬಹುದೆಂಬುದು ೨೦೧೭ರಲ್ಲಿ ಬೆಳಕಿಗೆ ಬಂದು, ಆ ದೋಷವನ್ನು ಸರಿಪಡಿಸಲಾಯಿತು. ಹಿನ್ನೆಲೆಯಲ್ಲಿರುವ ಅಪ್ಲಿಕೇಷನ್ನುಗಳು ಸ್ವಂತ ಆಕಾರದ ಟೋಸ್ಟನ್ನು ತೋರದಂತೆ ೨೦೨೦ರಲ್ಲಿ ನಿರ್ಬಂಧ ಬಂದಿತು. ಮರುವರ್ಷ ಅಕ್ಷರರೂಪದ ಟೋಸ್ಟು ಎರಡು ಸಾಲುಗಳಿಗೆ ಸೀಮಿತವಾಗಿ, ಕಳುಹಿಸಿದ ಅಪ್ಲಿಕೇಷನ್ನಿನ ಗುರುತೂ ಪಕ್ಕದಲ್ಲಿ ಮೂಡತೊಡಗಿತು.

ಓದುವವನ ಹಕ್ಕನ್ನು ಪ್ರತಿಪಾದಿಸಿದವರು ಮುಖ್ಯವಾಗಿ ಅಂಗವಿಕಲರ ಸೌಲಭ್ಯಕ್ಕಾಗಿ ದುಡಿದವರು. ವರ್ಲ್ಡ್ ವೈಡ್ ವೆಬ್ ಒಕ್ಕೂಟವು ೨೦೦೮ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಕಾಲಮಿತಿ ಇರುವೆಡೆಗಳಲ್ಲಿ ಅದನ್ನು ನಿಲ್ಲಿಸುವ ಅಥವಾ ಹೆಚ್ಚಿಸಿಕೊಳ್ಳುವ ಅವಕಾಶವನ್ನು, ಕೆಲವು ಅಪವಾದಗಳೊಡನೆ, ಬಳಕೆದಾರನಿಗೆ ಕೊಡಬೇಕೆಂದು ವಿಧಿಸಿತು. ಅದೇ ಒಕ್ಕೂಟದ ೨೦೧೪ರ ನಿರ್ದೇಶವು, ಪರದೆಯನ್ನು ಓದಿ ಹೇಳುವ ತಂತ್ರಾಂಶವು ತುರ್ತು ಸೂಚನೆಯನ್ನು ಕೂಡಲೇ ಹೇಳುವಂತೆಯೂ, ಸಾಮಾನ್ಯ ಸೂಚನೆಯನ್ನು ಸಮಯವರಿತು ಹೇಳುವಂತೆಯೂ ಏರ್ಪಡಿಸಿತು. ೨೦೧೮ರ ಮಾರ್ಗಸೂಚಿಯು ಇಂಥ ಸೂಚನೆಗಳು ಅಂಧರಿಗೂ ತಲುಪುವಂತಿರಬೇಕೆಂಬುದನ್ನು ಪ್ರತ್ಯೇಕ ನಿಯಮವನ್ನಾಗಿಸಿತು. ಸೂಚನೆಗಳು ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಬಳಕೆದಾರನೇ ಆರಿಸಿಕೊಳ್ಳುವ ಏರ್ಪಾಡು ೨೦೧೯ರಲ್ಲಿ ಆಂಡ್ರಾಯ್ಡಿಗೂ ಬಂದಿತು. ಆದರೆ ಅದನ್ನು ಮನ್ನಿಸುವುದು ಅಪ್ಲಿಕೇಷನ್ನಿಗೆ ಬಿಟ್ಟುದು.

ಹೀಗೆ, ೧೯೭೧ರಲ್ಲಿ ಒಂದು ಆಜ್ಞೆಯಿಂದ ಸಿದ್ಧಿಸುತ್ತಿದ್ದ ಅಧಿಕಾರವನ್ನು ಮರಳಿ ಪಡೆಯಲು ಓದುವವನಿಗೆ ದಶಕಗಳ ನಿಯಮಗಳು ಬೇಕಾದುವು. ಬಣ್ಣವನ್ನೂ ಮೂಲೆಯನ್ನೂ ಪ್ರೋಗ್ರಾಮರು ಆರಿಸಲಿ. ಆದರೆ ನಿಧಾನವಾಗಿ ಓದುವ ವೃದ್ಧರಿಗೂ, ಹೊಸದಾಗಿ ಭಾಷೆ ಕಲಿತವರಿಗೂ ತಮ್ಮ ಅರ್ಜಿ ತಿರಸ್ಕೃತವಾಯಿತೆಂಬ ಸೂಚನೆ ಓದಿ ಮುಗಿಯುವ ಮುನ್ನವೇ ಅಳಿದುಹೋದರೆ, ಅದು ಸೂಚನೆಯೆಂಬ ಹೆಸರಿಗೆ ಅರ್ಹವಲ್ಲ. ತಪ್ಪನ್ನು ತಿಳಿಸುವ ಸೂಚನೆಯು ಓದುವವನು ತೆಗೆಯುವವರೆಗೂ ನಿಲ್ಲಬೇಕೆಂಬುದೇ ಈ ಚರಿತ್ರೆಯಿಂದ ನಮಗೆ ದೊರೆಯುವ ನಿರ್ಣಯ.